ಇಷ್ಟಕ್ಕೇ ಡಾಕ್ಟರ ಹತ್ತಿರ ಹೋಗಬೇಕೆ?

ಖಿನ್ನತೆಯ ಬಗ್ಗೆ ಈಗ ನಮ್ಮಲ್ಲಿ ಮಾತಿಗೇನೂ ಕೊರತೆಯಿಲ್ಲ. ಟಿ.ವಿ.ಯಲ್ಲಿ ಚರ್ಚೆ ಬರುತ್ತದೆ, ಕಾಲೇಜುಗಳಲ್ಲಿ ಉಪನ್ಯಾಸ ಏರ್ಪಡಿಸುತ್ತಾರೆ, ಅಕ್ಟೋಬರ್ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನದ ಜಾಥಾ ಹೊರಡುತ್ತದೆ. ಇಷ್ಟಾದರೂ ಒಬ್ಬ ಮನುಷ್ಯ ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಎದ್ದು ಕೂತು ‘ನಾನು ಯಾರ ಹತ್ತಿರವಾದರೂ ಹೋಗಬೇಕೆ, ಬೇಡವೆ’ ಎಂದು ಯೋಚಿಸುವಾಗ ಅವನ ಕೈಯಲ್ಲಿ ಒಂದು ಅಳತೆಗೋಲೂ ಇರುವುದಿಲ್ಲ. ಎಷ್ಟು ಬೇಜಾರಾದರೆ ಅದು ಕಾಯಿಲೆ? ಎಷ್ಟು ದಿನ ಕಾಯಬೇಕು? ಎಲ್ಲರಿಗೂ ಕಷ್ಟ ಇದ್ದದ್ದೇ ಅಲ್ಲವೆ, ನನ್ನದೇನು ವಿಶೇಷ? ಹೀಗೆ ಕೇಳಿಕೊಳ್ಳುತ್ತ ಬೆಳಗಾಗುತ್ತದೆ. ಬೆಳಗಾದ ಮೇಲೆ ‘ಇಷ್ಟಕ್ಕೇ ಡಾಕ್ಟರ ಹತ್ತಿರ ಹೋಗುವುದಾ’ ಎಂಬ ಉತ್ತರವೇ ಗೆಲ್ಲುತ್ತದೆ.

ಹೀಗೆ ಗೆಲ್ಲುವ ಉತ್ತರದ ಪರಿಣಾಮ ಎಷ್ಟು ದೊಡ್ಡದೆಂದು ಅಂಕಿಅಂಶವೇ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವನದ ಯಾವುದೋ ಒಂದು ಘಟ್ಟದಲ್ಲಿ ಖಿನ್ನತೆಗೆ ಒಳಗಾಗಿದ್ದರು. ಹಾಗೆ ಒಳಗಾದವರಲ್ಲಿ ಶೇ 85ರಷ್ಟು ಜನ ಚಿಕಿತ್ಸೆಯ ಆಚೆಗೇ ಉಳಿದಿದ್ದರು. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ ಎಂಬುದು ನಿಜ. ಆದರೆ ನಮ್ಮ ಮನೆಗಳ ಒಳಗಿನ ಸ್ಥಿತಿ ತೀರಾ ಬೇರೆ ಇದ್ದೀತು ಎಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಚಿಕಿತ್ಸೆ ಸಿಗದಿರಲು ಡಾಕ್ಟರುಗಳ ಕೊರತೆ, ದೂರ, ದುಡ್ಡು, ‘ಜನ ಏನಂದಾರು’ ಎಂಬ ಅಳುಕು ಎಲ್ಲವೂ ಕಾರಣ. ಇವುಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಚರ್ಚೆಯಾಗದ ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಸಹಾಯ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದ ಮನಸ್ಸೇ ಇಲ್ಲಿ ಕಾಯಿಲೆ ಬಿದ್ದಿರುತ್ತದೆ. ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’, ‘ಎಲ್ಲರಿಗೂ ಭಾರವಾಗಿದ್ದೇನೆ’, ‘ಏನು ಮಾಡಿದರೂ ಇದು ಸರಿಹೋಗುವುದಿಲ್ಲ’ ಎಂಬ ಯೋಚನೆಗಳು ಖಿನ್ನತೆಯ ಲಕ್ಷಣಗಳು. ಇದೇ ಯೋಚನೆಗಳನ್ನು ಮುಂದಿಟ್ಟುಕೊಂಡು ಆ ಮನಸ್ಸು ‘ಹೋಗುವುದು ದಂಡ’ ಎಂದು ತೀರ್ಪು ಕೊಡುತ್ತದೆ. ಕಾಯಿಲೆ ಹೆಚ್ಚಾದಷ್ಟೂ ಈ ತೀರ್ಪು ಬಲವಾಗುತ್ತದೆ. ಆದ್ದರಿಂದ ‘ನನಗೆ ಅಗತ್ಯವಿದೆ ಎಂದು ನನಗೇ ಅನಿಸಿದ ದಿನ ಹೋಗುತ್ತೇನೆ’ ಎಂದು ಕಾದವರಿಗೆ ಆ ದಿನ ಬರದೇ ಹೋಗಬಹುದು. ತೀರ್ಮಾನವನ್ನು ಮನಸ್ಸಿನ ಕೈಯಿಂದ ಬಿಡಿಸಿ ಹೊರಗಿನ ಕೆಲವು ಗುರುತುಗಳಿಗೆ ಒಪ್ಪಿಸಬೇಕಾಗುತ್ತದೆ.

ಮೊದಲ ಗುರುತು ಕ್ಯಾಲೆಂಡರು. ವೈದ್ಯರು ಖಿನ್ನತೆಯನ್ನು ಗುರುತಿಸುವಾಗ ಹಿಡಿಯುವ ಅವಧಿ ಎರಡು ವಾರ. ದಿನದ ಬಹುಪಾಲು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಗಳ ಕಾಲ ಮನಸ್ಸು ಕುಗ್ಗಿದ್ದರೆ, ಅಥವಾ ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದೆ ಹೋಗಿದ್ದರೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಇದರ ಜೊತೆಗೆ ನಿದ್ದೆ ಕೆಟ್ಟಿರಬಹುದು ಅಥವಾ ಅತಿಯಾಗಿರಬಹುದು. ಹಸಿವು ಕಡಿಮೆಯಾಗಿರಬಹುದು ಅಥವಾ ಸುಮ್ಮಸುಮ್ಮನೆ ತಿನ್ನುವಂತಾಗಿರಬಹುದು. ಕೆಲಸ ಮಾಡದೆಯೇ ಸುಸ್ತು, ಒಂದು ಪುಟ ಓದಿದರೆ ತಲೆಗೆ ಹತ್ತದಿರುವುದು, ಮಾತು ಮತ್ತು ನಡೆ ನಿಧಾನವಾಗುವುದು, ತಪ್ಪಿತಸ್ಥ ಭಾವ, ಸಾವಿನ ಯೋಚನೆ ಇವೂ ಸೇರುತ್ತವೆ. ಬೆಳಗಿನ ಜಾವ ಮಾಮೂಲಿಗಿಂತ ಬಹಳ ಬೇಗ ಎಚ್ಚರವಾಗಿ, ಮತ್ತೆ ನಿದ್ದೆ ಹತ್ತದೆ, ಆ ಹೊತ್ತಿನಲ್ಲೇ ಮನಸ್ಸು ಎಲ್ಲಕ್ಕಿಂತ ಭಾರವಾಗಿರುವುದು ತೀವ್ರ ಖಿನ್ನತೆಯಲ್ಲಿ ಮತ್ತೆ ಮತ್ತೆ ಕಾಣುವ ಚಿಹ್ನೆ.

ಎರಡು ವಾರ ಎಂದರೆ ಕೆಲವರಿಗೆ ಆಶ್ಚರ್ಯವಾಗುತ್ತದೆ, ಅಷ್ಟು ಬೇಗವೇ ಎಂದು. ಮೂರು ದಿನ ಜ್ವರ ಬಿಡದಿದ್ದರೆ ನಾವು ರಕ್ತ ಪರೀಕ್ಷೆ ಮಾಡಿಸುತ್ತೇವೆ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೆ ಸಮಾಧಾನದಿಂದ ಮನೆಗೆ ಬರುತ್ತೇವೆ, ‘ಛೆ, ಸುಮ್ಮನೆ ಹೋದೆ’ ಎಂದು ನಾಚಿಕೊಳ್ಳುವುದಿಲ್ಲ. ಮನಸ್ಸಿನ ವಿಷಯದಲ್ಲಿ ಮಾತ್ರ ಹೋಗುವ ಮೊದಲೇ ಕಾಯಿಲೆ ಇದೆಯೆಂದು ಖಚಿತವಾಗಿರಬೇಕು ಎಂದು ಹಟ ಹಿಡಿಯುತ್ತೇವೆ. ಖಚಿತಪಡಿಸುವುದು ಡಾಕ್ಟರ ಕೆಲಸ. ನಮ್ಮ ಕೆಲಸ ಅವರ ಮುಂದೆ ಹೋಗಿ ಕೂರುವುದು, ಅಷ್ಟೆ.

ಮನೆಯಲ್ಲೇ ಕೂತು ನೋಡಿಕೊಳ್ಳಬಹುದಾದ ಒಂದು ಪ್ರಶ್ನಾವಳಿಯೂ ಇದೆ. ಪಿಎಚ್‌ಕ್ಯೂ-9 ಎಂದು ಅದರ ಹೆಸರು, ಜಗತ್ತಿನ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ, ಕನ್ನಡದಲ್ಲೂ ಸಿಗುತ್ತದೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ. ಪ್ರತಿ ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಿತಿ. ಒಂಬತ್ತನೆಯ ಪ್ರಶ್ನೆ ಸಾವಿನ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ‘ಇಲ್ಲವೇ ಇಲ್ಲ’ ಎಂಬುದರ ಬದಲು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ಎಷ್ಟೇ ಇರಲಿ, ಯಾರೊಂದಿಗಾದರೂ ಮಾತಾಡಲೇಬೇಕು. ಅಂಕ ಕಡಿಮೆ ಬಂದಿತೆಂದು ಕಷ್ಟ ಸುಳ್ಳಾಗುವುದಿಲ್ಲ. ಎಂಟು ಅಂಕ ಬಂದವರೂ ಹೋಗಬಹುದು, ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ.

ಎರಡನೆಯ ಗುರುತು ದಿನನಿತ್ಯದ ಬದುಕು. ದನಕ್ಕೆ ಮೇವು ಹಾಕುವುದನ್ನು ಒಂದು ದಿನವೂ ಮರೆಯದವನು ಮರೆಯತೊಡಗಿದ್ದಾನೆಯೆ? ದಿನವೂ ಅಮ್ಮನಿಗೆ ಫೋನ್ ಮಾಡುತ್ತಿದ್ದ ಮಗಳ ಕರೆಗಳು ನಿಂತಿವೆಯೆ? ಸ್ನಾನ, ತಲೆ ಬಾಚಿಕೊಳ್ಳುವುದು, ಮೊಬೈಲಿಗೆ ಬಂದ ಮೆಸೇಜಿಗೆ ಉತ್ತರಿಸುವುದು ಇವೇ ಬೆಟ್ಟ ಹತ್ತಿದಷ್ಟು ಆಯಾಸ ತರುತ್ತಿವೆಯೆ? ಹಾಗಿದ್ದರೆ ಒಳಗೆ ಏನನಿಸುತ್ತಿದೆ ಎಂದು ಹೇಳಲು ಬಾರದಿದ್ದರೂ ಉತ್ತರ ಸಿಕ್ಕಂತಾಯಿತು.

ನಮ್ಮಲ್ಲಿ ಬಹಳ ಮಂದಿಗೆ ಹೇಳಲು ಬರುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಮನಸ್ಸಿನ ದುಃಖ ದೇಹದ ದೂರಾಗಿ ಹೊರಬರುತ್ತದೆ. ತಲೆನೋವು, ಬೆನ್ನುನೋವು, ಕೈಕಾಲು ಸೆಳೆತ, ಎದೆ ಹಿಡಿದಂತಾಗುವುದು, ಎಷ್ಟು ಮಾತ್ರೆ ನುಂಗಿದರೂ ಹೋಗದ ಗ್ಯಾಸ್ಟ್ರಿಕ್. ಸ್ಕ್ಯಾನ್ ಆಗುತ್ತದೆ, ಎಂಡೋಸ್ಕೋಪಿ ಆಗುತ್ತದೆ, ‘ನರದ ವೀಕ್‌ನೆಸ್’ ಎಂದು ಟಾನಿಕ್ ಬರುತ್ತದೆ. ದುಡ್ಡು ಖರ್ಚಾಗುತ್ತ ಹೋಗುತ್ತದೆ, ‘ಮನಸ್ಸು ಹೇಗಿದೆ’ ಎಂದು ಯಾರೂ ಕೇಳಿರುವುದಿಲ್ಲ. ಗಂಡಸರಲ್ಲಿ ಇದು ಸಿಟ್ಟಾಗಿ, ಕುಡಿತವಾಗಿ ಕಾಣಬಹುದು. ಮೊದಲು ಹಬ್ಬಕ್ಕೆ ಮಾತ್ರ ಕುಡಿಯುತ್ತಿದ್ದವನು ನಿದ್ದೆಗಾಗಿ ದಿನವೂ ಕುಡಿಯತೊಡಗುತ್ತಾನೆ, ಕುಡಿತ ಖಿನ್ನತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ವಯಸ್ಸಾದವರಲ್ಲಿ ಮರೆವಿನ ರೂಪದಲ್ಲಿ ಬರುತ್ತದೆ. ಅಜ್ಜನಿಗೆ ಅರಳುಮರಳು ಎಂದು ಮನೆಯವರು ಸುಮ್ಮನಾಗುತ್ತಾರೆ, ಖಿನ್ನತೆಗೆ ಔಷಧ ಕೊಟ್ಟರೆ ಆ ಮರೆವಿನಲ್ಲಿ ಎಷ್ಟೋ ಪಾಲು ಇಳಿಯಬಹುದಿತ್ತು.

ಬಾಣಂತಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಹಜ, ತಾನಾಗಿಯೇ ಕಡಿಮೆಯಾಗುತ್ತದೆ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದೆ ‘ನಾನು ಒಳ್ಳೆಯ ತಾಯಿಯಲ್ಲ’ ಎಂದು ಕೊರಗುತ್ತಿದ್ದರೆ ಅದು ಸಹಜದ ಗೆರೆ ದಾಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರಿಗೆಯಾದ ಮಹಿಳೆಯರಲ್ಲಿ ಸುಮಾರು ಶೇ 13ರಷ್ಟು ಮಂದಿ ಮಾನಸಿಕ ತೊಂದರೆ ಅನುಭವಿಸುತ್ತಾರೆ, ಅದರಲ್ಲಿ ಮುಖ್ಯವಾದದ್ದು ಖಿನ್ನತೆ. ಬಾಣಂತಿ ಏನೇನೋ ಮಾತಾಡತೊಡಗಿದರೆ, ಇಲ್ಲದ ದನಿ ಕೇಳಿಸುತ್ತದೆ ಎಂದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎಂಬ ಭಯ ಹೇಳಿಕೊಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ‘ಗಾಳಿ ಸೋಕಿದೆ’ ಎಂದು ಮಂತ್ರಿಸಿದ ದಾರ ಕಟ್ಟಿಸಿ ಕಾಯುವ ಹೊತ್ತಲ್ಲ ಅದು. ದಾರ ಬೇಕೆಂದರೆ ಕಟ್ಟಿಸಿ, ಜೊತೆಗೆ ಆಸ್ಪತ್ರೆಗೂ ಹೋಗಿ. ದೇವರು, ಔಷಧ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದು ಒಳ್ಳೆಯ ಮನೋವೈದ್ಯರು ಯಾರೂ ಹೇಳುವುದಿಲ್ಲ.

ಹೋಗದಿರಲು ಜನ ಕೊಡುವ ಕಾರಣಗಳಲ್ಲಿ ಮೇಲ್ನೋಟಕ್ಕೆ ತುಂಬ ನ್ಯಾಯವಾಗಿ ಕಾಣುವ ಒಂದಿದೆ: ‘ನನ್ನ ದುಃಖಕ್ಕೆ ಕಾರಣ ಇದೆಯಲ್ಲ!’ ಬೆಳೆ ಹೋಗಿದೆ, ಸಾಲ ಏರಿದೆ, ಕೆಲಸ ಕಳೆದುಕೊಂಡಿದ್ದೇನೆ, ಮದುವೆ ಮುರಿದಿದೆ. ಬೇಸರವಾಗದೆ ಇರುತ್ತದೆಯೆ? ಮಾತ್ರೆ ನುಂಗಿದರೆ ಸಾಲ ತೀರುತ್ತದೆಯೆ? ಸಾಲವನ್ನು ಮಾತ್ರೆ ತೀರಿಸುವುದಿಲ್ಲ, ನಿಜ. ಆದರೆ ಕಾರಣವಿದ್ದ ಮಾತ್ರಕ್ಕೆ ಕಾಯಿಲೆ ಕಾಯಿಲೆಯಲ್ಲವೆಂದು ಆಗುವುದಿಲ್ಲ. ಖಿನ್ನತೆಯ ಬಹುಪಾಲು ಪ್ರಸಂಗಗಳ ಹಿಂದೆ ಇಂಥದ್ದೊಂದು ಪೆಟ್ಟು ಇದ್ದೇ ಇರುತ್ತದೆ. ಸಾಲ ತೀರಿಸಲು ಬ್ಯಾಂಕಿಗೆ ಓಡಾಡಬೇಕು, ಅಣ್ಣತಮ್ಮಂದಿರ ಜೊತೆ ಮಾತಾಡಬೇಕು, ಮುಂದಿನ ಬೆಳೆಯ ಲೆಕ್ಕ ಹಾಕಬೇಕು. ಇದಕ್ಕೆಲ್ಲ ಬೇಕಾದ ನಿದ್ದೆ, ಗಮನ, ತ್ರಾಣವನ್ನು ಖಿನ್ನತೆ ಕಿತ್ತುಕೊಂಡಿರುತ್ತದೆ. ಚಿಕಿತ್ಸೆ ಅದನ್ನು ಮರಳಿಸುತ್ತದೆ. ಕಾರಣವಿದೆ ಎಂಬುದು ಬೇಗ ಹೋಗಲು ಇನ್ನೊಂದು ಕಾರಣವಾಗಬೇಕೇ ಹೊರತು ಹೋಗದಿರಲು ಅಲ್ಲ.

ಸಾವಿನ ಮನೆಯ ದುಃಖ ಸ್ವಲ್ಪ ಬೇರೆ. ಅದು ಬಿಟ್ಟುಬಿಟ್ಟು ಉಕ್ಕುತ್ತದೆ. ಹೋದವರ ನೆನಪಾದಾಗ ಕಣ್ಣು ತುಂಬುತ್ತದೆ, ನೆಂಟರು ಅವರ ಬಗ್ಗೆ ಒಂದು ಒಳ್ಳೆಯ ಮಾತಾಡಿದಾಗ ನಗುವೂ ಬರುತ್ತದೆ. ಅದರಲ್ಲಿ ‘ನಾನು ಕೆಲಸಕ್ಕೆ ಬಾರದವನು’ ಎಂಬ ಭಾವ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ಔಷಧಿಗಿಂತ ಸುತ್ತಲಿನವರ ಒತ್ತಾಸೆ ಬೇಕು. ತಿಂಗಳುಗಳು ಕಳೆದರೂ ಬದುಕು ನಿಂತಲ್ಲೇ ನಿಂತಿದ್ದರೆ, ‘ನಾನೂ ಅವರ ಹಿಂದೆ ಹೋಗಬೇಕು’ ಎಂಬ ಮಾತು ಬಂದರೆ, ಆಗ ಅಲ್ಲೂ ವೈದ್ಯರ ನೆರವು ಬೇಕು.

ಇನ್ನು ಸ್ವಯಂಹಾನಿಯ ವಿಷಯ. ಇದರಲ್ಲಿ ಎರಡು ವಾರದ ಲೆಕ್ಕವಿಲ್ಲ.

ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು ಹೆಚ್ಚಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ತಾಯಿತಂದೆಗೆ ಅದು ಗೊತ್ತಾಗುವುದು ಅಕಸ್ಮಾತ್ತಾಗಿ. ಗೊತ್ತಾದ ಕ್ಷಣದಲ್ಲಿ ಎದೆ ಒಡೆದುಹೋಗುತ್ತದೆ, ಮರುಕ್ಷಣದಲ್ಲಿ ಸಿಟ್ಟು. ‘ನಿನಗೇನು ಕಡಿಮೆ ಮಾಡಿದ್ದೀವಿ’ ಎಂಬ ಮಾತು ಬಾಯಿಗೆ ಬರುತ್ತದೆ. ಕೆಲವರು ಮೊಬೈಲ್ ಕಿತ್ತಿಡುತ್ತಾರೆ, ಕೆಲವರು ಹೊಡೆಯುತ್ತಾರೆ, ಎಷ್ಟೋ ಮನೆಗಳಲ್ಲಿ ದೇವರ ಮುಂದೆ ನಿಲ್ಲಿಸಿ ‘ಇನ್ನು ಮೇಲೆ ಮಾಡಲ್ಲ’ ಎಂದು ಆಣೆ ಹಾಕಿಸುತ್ತಾರೆ. ಆಣೆ ಹಾಕಿದ ಮಗು ಮುಂದಿನ ಸಲ ಇನ್ನೂ ಚೆನ್ನಾಗಿ ಮುಚ್ಚಿಡುತ್ತದೆ, ಜೊತೆಗೆ ದೇವರಿಗೂ ಮೋಸ ಮಾಡಿದೆನೆಂಬ ಪಾಪಭಾವ ಬೇರೆ.

ಹೀಗೆ ಮಾಡಿಕೊಳ್ಳುವ ಎಲ್ಲರೂ ಸಾಯಲು ಬಯಸಿರುವುದಿಲ್ಲ. ತಡೆಯಲಾಗದ ಸಂಕಟವನ್ನು ಸ್ವಲ್ಪ ಹೊತ್ತು ತಗ್ಗಿಸಿಕೊಳ್ಳಲು, ಮರಗಟ್ಟಿಹೋದ ಮನಸ್ಸಿಗೆ ಏನಾದರೂ ಅನಿಸಲೆಂದು, ಅಥವಾ ತನ್ನನ್ನೇ ಶಿಕ್ಷಿಸಿಕೊಳ್ಳಲು ಹೀಗೆ ಮಾಡುವವರಿದ್ದಾರೆ. ಇದನ್ನು ‘ಗಮನ ಸೆಳೆಯುವ ನಾಟಕ’ ಎನ್ನುವುದು ಕ್ರೂರವಾದ ಮಾತು, ತಪ್ಪು ಮಾತು ಕೂಡ. ಬಹುಪಾಲು ಮಕ್ಕಳು ಗಮನಕ್ಕೆ ಬಾರದಂತೆ ಎಷ್ಟೊಂದು ಪಾಡು ಪಡುತ್ತಾರೆ! ಗಮನ ಸೆಳೆಯಲೆಂದೇ ಮಾಡಿದರು ಎಂದಿಟ್ಟುಕೊಳ್ಳೋಣ. ಮೈಗೆ ಗಾಯ ಮಾಡಿಕೊಂಡಾದರೂ ಯಾರಾದರೂ ನನ್ನತ್ತ ನೋಡಲಿ ಎಂಬ ಸ್ಥಿತಿಗೆ ಒಂದು ಮಗು ಬಂದಿದ್ದರೆ ಅದಕ್ಕೆ ಸಿಗಬೇಕಾದದ್ದು ಗಮನವೇ ತಾನೆ?

ಸಾಯುವ ಉದ್ದೇಶವಿತ್ತೋ ಇಲ್ಲವೋ ಎಂದು ಮನೆಯವರು ಪಂಚಾಯಿತಿ ಮಾಡುತ್ತ ಕೂರಬಾರದು. ಒಮ್ಮೆ ಸ್ವಯಂಹಾನಿ ಮಾಡಿಕೊಂಡವರಿಗೆ ಮುಂದೆ ಜೀವಾಪಾಯ ಉಳಿದವರಿಗಿಂತ ಬಹಳ ಹೆಚ್ಚು ಎಂಬುದು ಅನೇಕ ದೇಶಗಳ ಅಧ್ಯಯನಗಳಲ್ಲಿ ದೃಢಪಟ್ಟಿದೆ. ಗಾಯ ಚಿಕ್ಕದೆಂದು ಸಂಕಟವೂ ಚಿಕ್ಕದಾಗಿರುವುದಿಲ್ಲ. ಆದ್ದರಿಂದ ಒಂದೇ ಒಂದು ಸಲ ಆಗಿದ್ದರೂ, ಗಾಯ ಎಷ್ಟೇ ಸಣ್ಣದಾಗಿದ್ದರೂ, ಕೆಲವೇ ದಿನಗಳೊಳಗೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕಾಣಬೇಕು. ಮಗುವಿನ ಹತ್ತಿರ ಮೊದಲು ಆಡಬೇಕಾದ ಮಾತು ಇಷ್ಟೇ: ‘ನಿನಗೆ ಇಷ್ಟು ಸಂಕಟ ಆಗ್ತಿತ್ತು ಅಂತ ನಮಗೆ ಗೊತ್ತಾಗಲಿಲ್ಲ ಕಣಮ್ಮ. ಬೈಯಲ್ಲ. ಹೇಳು, ಕೇಳ್ತೀವಿ.’ ಆಮೇಲೆ ನಿಜವಾಗಿಯೂ ಬೈಯದೆ ಕೇಳಬೇಕು. ಕಷ್ಟವಾದದ್ದು ಅದೇ.

ಅದೇ ದಿನ, ಅದೇ ಗಂಟೆಯಲ್ಲಿ ಹೊರಡಬೇಕಾದ ಸಂದರ್ಭಗಳೂ ಇವೆ. ಸಾಯುವ ಯೋಚನೆ ‘ಬದುಕು ಸಾಕು’ ಎಂಬ ಮಾತನ್ನು ದಾಟಿ ಹೇಗೆ, ಯಾವಾಗ ಎಂಬ ಯೋಜನೆಯ ಹಂತಕ್ಕೆ ಹೋಗಿದ್ದರೆ, ಅದಕ್ಕೆ ತಯಾರಿ ನಡೆದಿದ್ದರೆ, ಇಷ್ಟದ ವಸ್ತುಗಳನ್ನು ಹಂಚುವುದು, ಕ್ಷಮೆ ಕೇಳುವುದು, ಬೀಳ್ಕೊಳ್ಳುವಂಥ ಮಾತಾಡುವುದು ಕಂಡರೆ ಒಂದು ರಾತ್ರಿಯೂ ಕಾಯುವಂತಿಲ್ಲ. ವಾರಗಟ್ಟಲೆ ಒದ್ದಾಡುತ್ತಿದ್ದವರು ಯಾವ ಕಾರಣವೂ ಇಲ್ಲದೆ ಹಠಾತ್ತಾಗಿ ಶಾಂತರಾದರೆ ಅದನ್ನು ಚೇತರಿಕೆ ಎಂದುಕೊಳ್ಳಬೇಡಿ, ಪಕ್ಕದಲ್ಲಿ ಕೂತು ಕೇಳಿ. ಅವರನ್ನು ಒಬ್ಬರೇ ಬಿಡಬಾರದು. ಮನೆಯಲ್ಲಿರುವ ಮಾತ್ರೆಗಳು, ಹೊಲಕ್ಕೆ ತಂದಿಟ್ಟ ಔಷಧಿ, ಅಪಾಯ ತರಬಹುದಾದ ಇತರ ವಸ್ತುಗಳನ್ನು ಬೇರೆಯವರ ಮನೆಗೆ ಸಾಗಿಸಬೇಕು ಅಥವಾ ಬೀಗ ಹಾಕಿ ಬೀಗದ ಕೈಯನ್ನು ಇನ್ನೊಬ್ಬರು ಇಟ್ಟುಕೊಳ್ಳಬೇಕು. ಸಾಯಬೇಕೆಂಬ ತೀವ್ರ ತುಡಿತ ಹೆಚ್ಚಿನವರಲ್ಲಿ ಅಲ್ಪಕಾಲದ್ದು. ಆ ಹೊತ್ತನ್ನು ದಾಟಿಸಿದರೆ ಜೀವ ಉಳಿಯುತ್ತದೆ, ಉಳಿದವರಲ್ಲಿ ಬಹುಪಾಲು ಜನ ಮುಂದೆ ಬದುಕುತ್ತಾರೆ. ಯಾರಾದರೂ ಈಗಾಗಲೇ ಏನಾದರೂ ಮಾಡಿಕೊಂಡಿದ್ದರೆ, ನೋಡಲು ಚೆನ್ನಾಗಿಯೇ ಇದ್ದರೂ, 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆ ಸೇರಿಸಬೇಕು. ಕೆಲವು ಹಾನಿಗಳು ಗಂಟೆಗಳ, ದಿನಗಳ ನಂತರ ಗೊತ್ತಾಗುತ್ತವೆ.

‘ಕೇಳಿದರೆ ಇಲ್ಲದ ಯೋಚನೆ ನಾವೇ ತಲೆಗೆ ತುಂಬಿದಂತಾಗುವುದಿಲ್ಲವೆ’ ಎಂದು ಬಹಳ ಜನ ಹೆದರುತ್ತಾರೆ. ಇಲ್ಲ. ಸಾವಿನ ಬಗ್ಗೆ ನೇರವಾಗಿ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ‘ಬದುಕೋದೇ ಬೇಡ ಅನ್ನಿಸ್ತಿದೆಯಾ?’ ಎಂದು ಮೆತ್ತಗೆ, ನೇರವಾಗಿ ಕೇಳಬಹುದು. ಒಬ್ಬರೇ ಹೊತ್ತಿದ್ದ ಮಾತನ್ನು ಇಳಿಸಲು ಅವರಿಗೆ ಜಾಗ ಸಿಕ್ಕಂತಾಗುತ್ತದೆ.

ಬೇರೆಯವರ ಕಣ್ಣಿಗೆ ಬಿದ್ದು ಚಿಕಿತ್ಸೆ ಶುರುವಾದ ಒಂದು ಉದಾಹರಣೆ ನಮ್ಮ ನಡುವೆಯೇ ಇದೆ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ 2014ರಲ್ಲಿ ತಾವು ಖಿನ್ನತೆಗೆ ಒಳಗಾದದ್ದನ್ನು ಮರುವರ್ಷ ಬಹಿರಂಗವಾಗಿ ಹೇಳಿದರು. ಮುಂಬೈಗೆ ಬಂದಿದ್ದ ತಾಯಿ ಬೆಂಗಳೂರಿಗೆ ಹೊರಡುವ ಹೊತ್ತಿನಲ್ಲಿ ಮಗಳು ಅತ್ತದ್ದನ್ನು ಕಂಡು, ಈ ಅಳು ಬೇರೆ ಥರದ್ದೆಂದು ಗುರುತಿಸಿ ವೈದ್ಯರ ನೆರವು ಪಡೆಯಲು ಹೇಳಿದರಂತೆ. ಹೊರಗಿನಿಂದ ನೋಡಿದರೆ ಆಗ ಆಕೆಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಒಂದು ವೇಳೆ ಆ ತಾಯಿಯೂ ‘ನಿನಗೇನು ಕಡಿಮೆ’ ಎಂದಿದ್ದರೆ? ಮುಂದೆ ಆಕೆ ಸ್ಥಾಪಿಸಿದ ಪ್ರತಿಷ್ಠಾನ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಮಾನಸಿಕ ಆರೋಗ್ಯದ ಕೆಲಸ ಕೈಗೊಂಡಿತು.

ಎಲ್ಲಿಗೆ ಹೋಗುವುದು? ಹೆಚ್ಚು ದೂರ ಹೋಗಬೇಕಿಲ್ಲ. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತರುವ ಪ್ರಯೋಗ 1980ರ ದಶಕದಲ್ಲಿ ನಡೆದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ನಿಮ್ಹಾನ್ಸ್ ಅಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಆ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಕನ್ನಡಿಗರು ಹೆಮ್ಮೆಪಡಬೇಕಾದ, ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇದು. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಬರುತ್ತಾರೆಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ವಿಚಾರಿಸಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಇದ್ಯಾವುದೂ ಆಗದಿದ್ದರೆ ನಿಮ್ಮನ್ನು ಬಲ್ಲ ಸಾಮಾನ್ಯ ಡಾಕ್ಟರ ಹತ್ತಿರವೇ ಹೋಗಿ, ಆದರೆ ಗ್ಯಾಸ್ಟ್ರಿಕ್ ಎಂದಷ್ಟೇ ಹೇಳಿ ಬರಬೇಡಿ.

ಎದ್ದು ಹೊರಡಲೂ ಶಕ್ತಿಯಿಲ್ಲದವರಿಗೆ ಫೋನಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದರ ರಾಷ್ಟ್ರಮಟ್ಟದ ಹೊಣೆ ಹೊತ್ತಿರುವುದೂ ನಿಮ್ಹಾನ್ಸ್. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತಾಡುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ಏನು ಹೇಳಬೇಕೆಂದು ತಯಾರಾಗಿರಬೇಕಾಗಿಲ್ಲ. ‘ಎರಡು ವಾರದಿಂದ ಸರಿಯಿಲ್ಲ’ ಎಂದರೆ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ.

ಮನೋವೈದ್ಯರ ಕೋಣೆಯೊಳಗೆ ಏನು ನಡೆಯುತ್ತದೆ ಎಂಬ ಅಂಜಿಕೆಯೇ ಕೆಲವರನ್ನು ತಡೆದಿರುತ್ತದೆ. ಅಲ್ಲಿ ನಡೆಯುವುದು ಹೆಚ್ಚಾಗಿ ಮಾತು. ನಿದ್ದೆ, ಊಟ, ಕೆಲಸ, ಕುಡಿತ, ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೆ ಎಂಬುದು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆ ಕೂಡ ಖಿನ್ನತೆಯಂತೆಯೇ ಕಾಣಿಸಬಹುದಾದ್ದರಿಂದ ರಕ್ತ ಪರೀಕ್ಷೆ ಬರೆಯಬಹುದು. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನಿಸಿ ಅತಿಯಾದ ಹುರುಪು, ಅತಿಮಾತು, ಸಿಕ್ಕಾಪಟ್ಟೆ ಖರ್ಚು ಮಾಡಿದ ದಿನಗಳಿದ್ದರೆ ಅದನ್ನು ತಪ್ಪದೆ ಹೇಳಬೇಕು. ಅದು ಬೈಪೋಲಾರ್ ಕಾಯಿಲೆಯ ಸೂಚನೆಯಾಗಿದ್ದರೆ ಔಷಧವೇ ಬೇರೆಯಾಗುತ್ತದೆ. ಜನ ಇದನ್ನು ಹೇಳುವುದಿಲ್ಲ, ಏಕೆಂದರೆ ಆ ದಿನಗಳನ್ನು ಅವರು ‘ಚೆನ್ನಾಗಿದ್ದ ದಿನಗಳು’ ಎಂದುಕೊಂಡಿರುತ್ತಾರೆ.

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಪಕ್ಕದ ಗೋವೆಯಲ್ಲಿ ಸಂಗಾತ್ ಸಂಸ್ಥೆಯವರು ತಜ್ಞರಲ್ಲದ ಸಾಮಾನ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯುಳ್ಳವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡುವ ವಿಧಾನವನ್ನು ಪರೀಕ್ಷಿಸಿದರು. 2017ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ಮೂರು ತಿಂಗಳಲ್ಲಿ ಗುಣ ಕಂಡವರು ಶೇ 64. ಇದಿಲ್ಲದೆ ಮಾಮೂಲಿ ಉಪಚಾರವಷ್ಟೇ ಸಿಕ್ಕವರಲ್ಲಿ ಶೇ 39. ತೀವ್ರ ಖಿನ್ನತೆಯಿದ್ದವರೂ ಅವರಲ್ಲಿದ್ದರು. ಮಾತಿನಿಂದ ಏನಾಗುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಮಾತ್ರೆ ಬರೆದುಕೊಟ್ಟರೆ ಭಯ ಬೇಡ, ಅವಸರವೂ ಬೇಡ. ಖಿನ್ನತೆ ನಿವಾರಕ ಔಷಧಿಗಳ ಪರಿಣಾಮ ಗೊತ್ತಾಗಲು ಎರಡರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ತಲೆ ಭಾರವಾಗುವುದು ಇರಬಹುದು, ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ. ನಾಲ್ಕು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಡುವವರಿದ್ದಾರೆ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಚಟ ಹಿಡಿಸಬಲ್ಲವು ಕೆಲವು ನಿದ್ದೆ ಮಾತ್ರೆಗಳು, ಜನ ಎರಡನ್ನೂ ಒಂದೇ ಎಂದು ತಿಳಿದಿದ್ದಾರೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು, ವೈದ್ಯರ ಸಲಹೆಯಂತೆ ನಿಧಾನವಾಗಿ ಬಿಡಬೇಕು. ಚಿಕ್ಕ ವಯಸ್ಸಿನವರಲ್ಲಿ, ಅಂದರೆ 25ರೊಳಗಿನವರಲ್ಲಿ, ಔಷಧ ಶುರುವಾದ ಮೊದಲ ಕೆಲವು ವಾರ ಮನೆಯವರು ಹೆಚ್ಚು ನಿಗಾ ಇಡಬೇಕು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳೂ ಅಷ್ಟೇ ಎಚ್ಚರದ ದಿನಗಳು.

ಕಾನೂನಿನ ಹೆದರಿಕೆಯಿಂದ ಗಾಯವನ್ನು ಮುಚ್ಚಿಡುವ ಮನೆಗಳಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮಿನ ಆ ಅಪರಾಧವನ್ನು ಕೈಬಿಡಲಾಗಿದೆ. ರೋಗಿಯ ವಿವರಗಳನ್ನು ಗೌಪ್ಯವಾಗಿ ಇಡಬೇಕೆಂದೂ, ಆರೋಗ್ಯ ವಿಮೆಯಲ್ಲಿ ಮಾನಸಿಕ ಕಾಯಿಲೆಯನ್ನು ದೇಹದ ಕಾಯಿಲೆಗೆ ಸಮನಾಗಿ ಕಾಣಬೇಕೆಂದೂ 2017ರ ಅದೇ ಕಾಯ್ದೆ ಹೇಳುತ್ತದೆ.

ಒಮ್ಮೆ ಗುಣವಾದವರಿಗೆ ಮತ್ತೆ ಬರುವ ಸಾಧ್ಯತೆ ಇದೆ, ಸುಮಾರು ಅರ್ಧದಷ್ಟು ಜನರಲ್ಲಿ ಬರುತ್ತದೆ. ಎರಡನೆಯ ಸಲ ಎರಡು ವಾರ ಕಾಯಬೇಕಾಗಿಲ್ಲ. ಮೊದಲ ಸಲ ಯಾವುದು ಮೊದಲು ಕೆಟ್ಟಿತ್ತು, ನಿದ್ದೆಯೋ ಊಟವೋ ಮಾತೋ ಎಂಬುದನ್ನು ಚೆನ್ನಾಗಿರುವಾಗಲೇ ಬರೆದು ಹತ್ತಿರದವರೊಬ್ಬರ ಕೈಗೆ ಕೊಟ್ಟಿಡಿ. ‘ಇದು ಕಂಡರೆ ನಾನು ಬೇಡವೆಂದರೂ ಕರೆದುಕೊಂಡು ಹೋಗು’ ಎಂದು ಹೇಳಿಡಿ.

ಇದನ್ನು ಓದುತ್ತಿರುವ ನೀವು ಆ ಎರಡು ವಾರವನ್ನು ದಾಟಿದ್ದರೆ, ಅಥವಾ ನಿಮಗೆ ನೀವೇ ನೋವು ಮಾಡಿಕೊಳ್ಳುತ್ತಿದ್ದರೆ, ಅಥವಾ ಬದುಕು ಬೇಡ ಎಂದು ಈಗಲೇ ಅನಿಸುತ್ತಿದ್ದರೆ, ಪತ್ರಿಕೆಯನ್ನು ಪಕ್ಕಕ್ಕಿಟ್ಟು 14416ಕ್ಕೆ ಕರೆ ಮಾಡಿ. ಮನೆಯಲ್ಲಿ ಯಾರಾದರೂ ಇದ್ದರೆ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಕಷ್ಟ ಸಾಕಷ್ಟು ದೊಡ್ಡದೋ ಅಲ್ಲವೋ ಎಂದು ಅಲ್ಲಿ ಯಾರೂ ನಿಮ್ಮನ್ನು ಕೇಳುವುದಿಲ್ಲ.